ಚಾಲನಚಕ್ರದ ಜೀರ್ಣೋದ್ಧಾರ

ಮೋಟಾರು ಕಾರಿನ ಸಮಸ್ತ ಅಂಗಗಳಲ್ಲಿಯೂ ಮನುಷ್ಯನ ಕೈ ಎಡೆಬಿಡದೆ ಮುಟ್ಟಿಕೊಂಡಿರತಕ್ಕದ್ದು ಒಂದೇ ಒಂದು. ಅದು ಸ್ಟಿಯರಿಂಗ್ ಚಕ್ರ. ಬಾಗಿಲನ್ನು ಹತ್ತುವಾಗಲೂ ಇಳಿಯುವಾಗಲೂ ಮಾತ್ರ ಮುಟ್ಟುತ್ತೇವೆ, ಗೇರಿನ ಹಿಡಿಯನ್ನು ಬೇಕಾದಾಗ ಹಿಡಿದು ಬಿಡುತ್ತೇವೆ. ಆದರೆ ಬಂಡಿ ಚಲಿಸತೊಡಗಿದ ಗಳಿಗೆಯಿಂದ ನಿಲ್ಲುವ ಗಳಿಗೆಯವರೆಗೆ ಈ ಚಕ್ರವನ್ನು ಬಿಡುವಂತಿಲ್ಲ. ಇಷ್ಟು ನಿಕಟವಾದ ಸಹವಾಸದ ಫಲವಾಗಿ, ಎಂಟು ಹತ್ತು ವರ್ಷ ಓಡಿದ ಕಾರಿನ ಒಳಾಂಗಣದಲ್ಲಿ ಮುಪ್ಪಿನ ಮೊದಲ ಲಕ್ಷಣ ಕಾಣಿಸುವುದು ಇದರ ಚರ್ಮದ ಹೊದಿಕೆಯ ಮೇಲೆಯೇ. ಚಾಲಕನ ಅಂಗೈಗಳು ವಿಶ್ರಮಿಸುವ ಎಡಬಲದ ಮೇಲ್ಭಾಗಗಳಲ್ಲಿ ಮೊದಲು ಒಂದು ಬಗೆಯ ಮಿರುಗು ಮೂಡುತ್ತದೆ. ತರುವಾಯ ಕಪ್ಪು ಬಣ್ಣ ಅಲ್ಲಲ್ಲಿ ತೆಳುವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಕಡೆಗೆ ಮೇಲ್ಪದರ ಸಿಪ್ಪೆಯೆದ್ದು, ಒಳಗಿನ ನಾರು ಒರಟೊರಟಾಗಿ ಕೈಗೆ ತಾಗತೊಡಗುತ್ತದೆ.

ಈ ಸ್ಥಿತಿಗೆ ಬಂದ ಚಕ್ರಕ್ಕೆ ಜನರು ಸಾಮಾನ್ಯವಾಗಿ ಮಾಡುವ ಉಪಚಾರಗಳು ಎರಡು: ಒಂದು, ಹೊಳಪು ಕೊಡುವ ಯಾವುದಾದರೊಂದು ದ್ರವವನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ತಿಕ್ಕುವುದು, ಇನ್ನೊಂದು, ಮೇಲೊಂದು ಕವರು ತೊಡಿಸಿ ಕಣ್ಣಿಗೆ ಮರೆಮಾಡುವುದು. ಇವೆರಡೂ ಇರುವುದರ ಮೇಲೆ ಮತ್ತೊಂದನ್ನು ಕೂಡಿಸುವ ಕ್ರಮಗಳು. ಚರ್ಮದ ಸ್ವಭಾವವನ್ನು ಅರಿತು ಮಾಡುವ ಜೀರ್ಣೋದ್ಧಾರದ ಕ್ರಮ ಇದಕ್ಕೆ ವಿಪರೀತವಾದುದು: ಅಲ್ಲಿ ಕಳೆಯುವ ಕೆಲಸ ಮೊದಲು, ಕೂಡಿಸುವ ಕೆಲಸ ಕೊನೆಗೆ, ಅದೂ ಎಷ್ಟು ಸಾಧ್ಯವೋ ಅಷ್ಟು ಅಲ್ಪವಾಗಿ. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡವರು ಮನೆಯ ಅಂಗಳದಲ್ಲಿಯೇ, ತಮ್ಮ ಕೈಯಾರೆ, ಈ ಕಾರ್ಯವನ್ನು ತೃಪ್ತಿಕರವಾಗಿ ನೆರವೇರಿಸಬಹುದು.

ಚರ್ಮದ ಒಳಮರ್ಮ

ಕಾರುಗಳು ಹುಟ್ಟಿದ ಹೊಸತರಲ್ಲಿ ಅವಕ್ಕೆ ಚಕ್ರದ ಚುಕ್ಕಾಣಿ ಇರಲಿಲ್ಲ. ದೋಣಿಗಿರುವಂತಹ ಒಂದು ಸನ್ನೆಕೋಲನ್ನು ಅತ್ತಿತ್ತ ತಳ್ಳಿ ಬಂಡಿಯನ್ನು ತಿರುಗಿಸುತ್ತಿದ್ದರು. 1894ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ಸಿನಿಂದ ರುಆನ್ ನಗರಕ್ಕೆ ನಡೆದ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಶೆರಾನ್ ಎಂಬಾತನು ತನ್ನ ಪನ್ಹಾರ್ ಕಾರಿಗೆ ಚಕ್ರವನ್ನು ಜೋಡಿಸಿಕೊಂಡು ಓಡಿಸಿದನು; ಕೆಲವೇ ವರ್ಷಗಳಲ್ಲಿ ಚಕ್ರವೇ ಸರ್ವತ್ರ ರೂಢಿಯಾಯಿತು. ಮರ, ಗಟ್ಟಿ ರಬ್ಬರು, ಪ್ಲಾಸ್ಟಿಕ್ಕು ಮೊದಲಾದ ದ್ರವ್ಯಗಳೆಲ್ಲವೂ ಈ ಚಕ್ರದ ನಿರ್ಮಾಣಕ್ಕೆ ಒದಗಿ ಬಂದಿವೆ. ಆದರೂ ಹಿಡಿತದ ಭದ್ರತೆ, ಬೆವರನ್ನು ಸಹಿಸುವ ಗುಣ, ಸ್ಪರ್ಶದ ಸುಖ, ಈ ಮೂರನ್ನೂ ಒಟ್ಟಿಗೆ ಕೊಡುವುದರಲ್ಲಿ ಚರ್ಮವನ್ನು ಮೀರಿಸುವ ವಸ್ತು ವಿರಳ.

ಪ್ರಾಣಿಯ ಹಸಿತೊಗಲು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಒಂದರೊಡನೊಂದು ಹೆಣೆದುಕೊಂಡು ಆದುದು. ಹಾಗೆಯೇ ಬಿಟ್ಟರೆ ಅದು ಒದ್ದೆಯಾದಾಗ ಕೊಳೆಯುತ್ತದೆ, ಒಣಗಿದಾಗ ಹಲಗೆಯಾಗುತ್ತದೆ. ಈ ನಾರುಗಳು ಕೊಳೆಯದಂತೆ, ಬಿರುಸಾಗದಂತೆ ಅವುಗಳ ನಡುವೆ ರಾಸಾಯನಿಕ ಬಂಧಗಳನ್ನು ಬೆಸೆಯುವ ಕ್ರಿಯೆಯೇ ಹದಗೊಳಿಸುವುದು. ನಮ್ಮ ನಾಡಿನಲ್ಲಿ ಪೂರ್ವಕಾಲದಿಂದಲೂ ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಿಂದ ತೊಗಲನ್ನು ಹದಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕ್ರೋಮಿಯಂ ಲವಣಗಳಿಂದ ಹದಮಾಡುವ ವಿಧಾನ ಸಿದ್ಧಿಸಿತು. ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳ ಕೆಲಸವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಈ ವಿಧಾನಕ್ಕೆ ನೆಲೆ ಒದಗಿಸಿದ ಆಲ್ಫ್ರೆಡ್ ಚಾಟರ್ಟನ್ ಅವರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. ಇಂದು ಕಾರುಗಳಲ್ಲಿ ಬಳಕೆಯಾಗುವ ಚರ್ಮ ಬಹುಮಟ್ಟಿಗೆ ಕ್ರೋಮಿಯಂನಿಂದಲೋ, ಕ್ರೋಮಿಯಂ ಸೋಂಕದ ಇತರ ಆಧುನಿಕ ರಾಸಾಯನಿಕಗಳಿಂದಲೋ ಹದಗೊಂಡುದು.

ಇಲ್ಲಿ ಮುಖ್ಯವಾಗಿ ಗ್ರಹಿಸಬೇಕಾದುದು ಬೇರೊಂದಿದೆ. ಸ್ಟಿಯರಿಂಗಿನ ಮೇಲೆ ನಮ್ಮ ಕೈ ಮುಟ್ಟುವುದು ನೇರವಾಗಿ ಚರ್ಮವನ್ನಲ್ಲ. ಹದವಾದ ಚರ್ಮದ ಮೇಲೆ ಬಣ್ಣದ ಕಣಗಳುಳ್ಳ ಒಂದು ಲೇಪ, ಅದರ ಮೇಲೆ ಪಾಲಿಯುರೆಥೇನಿನಂತಹ ಅಂಟುದ್ರವ್ಯದ ಪಾರದರ್ಶಕವಾದ ರಕ್ಷಾಕವಚ, ಹೀಗೆ ಪದರಗಳಿರುತ್ತವೆ. ಇವೆಲ್ಲವೂ ಕೂಡಿದರೂ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾಗುವುದಿಲ್ಲ. ಚಕ್ರ ಸವೆಯಿತೆಂದು ನಾವು ಹೇಳುವಾಗ ಬಹುತೇಕ ಸವೆದಿರುವುದು ಈ ಸೂಕ್ಷ್ಮವಾದ ಕವಚವೇ ಹೊರತು ಅದರ ಕೆಳಗಿನ ಚರ್ಮವಲ್ಲ. ಮನೆಯಲ್ಲಿ ದುರಸ್ತಿ ಸಾಧ್ಯವೆಂಬ ಭರವಸೆಗೆ ಆಧಾರವೂ ಇದೇ.

ಸವೆತದ ಕಾರಣಗಳು

ಕವಚವನ್ನು ಕೆಡಿಸುವ ಶತ್ರುಗಳಲ್ಲಿ ಪ್ರಥಮ ಸ್ಥಾನ ನಮ್ಮ ಅಂಗೈಯದೇ. ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಇವು ಇರುತ್ತವೆ. ಮುಖವನ್ನೋ ತಲೆಗೂದಲನ್ನೋ ಸವರಿದ ಕೈಯಿಂದ ಜಿಡ್ಡು ಬಂದು ಸೇರುತ್ತದೆ. ರಸ್ತೆಯ ಧೂಳು ಈ ಜಿಡ್ಡಿಗೆ ಅಂಟಿಕೊಂಡು ನವಿರಾದ ಮರಳುಕಾಗದದ ಕೆಲಸ ಮಾಡುತ್ತದೆ. ಉಂಗುರ, ಬಳೆ, ಉಗುರುಗಳ ಗೀರು ಬೇರೆ. ಕೈಗೆ ಹಚ್ಚುವ ಸ್ಯಾನಿಟೈಸರು 2020ರಿಂದೀಚೆಗೆ ಮನೆಮನೆಯ ವಸ್ತುವಾಯಿತಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಸೂತ್ರದಂತೆ ಅದರಲ್ಲಿ ಎಥನಾಲ್ ಆದರೆ ನೂರಕ್ಕೆ 80 ಪಾಲು, ಐಸೊಪ್ರೊಪೈಲ್ ಆದರೆ ನೂರಕ್ಕೆ 75 ಪಾಲು ಮದ್ಯಸಾರವಿರುತ್ತದೆ. ಕೈ ಒಣಗುವ ಮೊದಲೇ ಚಕ್ರವನ್ನು ಹಿಡಿಯುವ ಅಭ್ಯಾಸವುಳ್ಳವರ ಕಾರಿನಲ್ಲಿ ರಕ್ಷಾಕವಚ ಮೆತ್ತಗಾಗಿ, ಅಂಟಂಟಾಗಿ, ಅಕಾಲದಲ್ಲಿ ಕಳಚಿಹೋಗುವುದಕ್ಕೆ ಇದು ಕಾರಣ. ಇವಕ್ಕೆಲ್ಲ ಕಲಶಪ್ರಾಯವಾಗಿ ಬಿಸಿಲು: ಗಾಜನ್ನು ಹಾದುಬರುವ ಕಿರಣಗಳೂ ಮುಚ್ಚಿದ ಕಾರಿನೊಳಗಿನ ಧಗೆಯೂ ಸೇರಿ ಬಣ್ಣವನ್ನು ಮಾಸಿಸುತ್ತವೆ, ಚರ್ಮದ ಮಾರ್ದವವನ್ನು ಹೀರುತ್ತವೆ.

ಹೊಸ ಕಾರಿನ ಚಕ್ರವನ್ನು ಗಮನವಿಟ್ಟು ನೋಡಿದವರಿಗೆ ಅದು ಮಿರುಗುವುದಿಲ್ಲವೆಂಬುದು ತಿಳಿದಿರುತ್ತದೆ. ಕಾರ್ಖಾನೆಯಿಂದ ಬಂದ ಚರ್ಮದ ಕಾಂತಿ ಮಂದವಾದುದು. ಆದುದರಿಂದ ಹಳೆಯ ಚಕ್ರದ ಮೇಲಿನ ಹೊಳಪನ್ನು ಯಾರೂ ಪಾಲಿಶ್ಶೆಂದು ಭ್ರಮಿಸಬಾರದು; ಚರ್ಮದ ಸೂಕ್ಷ್ಮವಾದ ಏರುತಗ್ಗುಗಳನ್ನು ತುಂಬಿಕೊಂಡು ಕುಳಿತ ಜಿಡ್ಡು ಅದು.

ಪರೀಕ್ಷೆ ಮತ್ತು ಎಚ್ಚರಿಕೆ

ಕೆಲಸಕ್ಕೆ ಕೈಹಾಕುವ ಮುನ್ನ ಹಗಲಿನ ಬೆಳಕಿನಲ್ಲಿ ಚಕ್ರವನ್ನು ಸುತ್ತಲೂ ಪರೀಕ್ಷಿಸಬೇಕು. ಹೊದಿಕೆ ನಿಜವಾದ ಚರ್ಮವೋ, ನಾವು ರೆಗ್ಸಿನ್ ಎಂದು ಕರೆಯುವ ಕೃತಕ ವಸ್ತುವೋ ಎಂಬುದು ಮೊದಲ ಪ್ರಶ್ನೆ. ಸವೆದ ಜಾಗದಲ್ಲಿ ಮೃದುವಾದ ನಾರು ಎದ್ದಿದ್ದರೆ ಅದು ಚರ್ಮ. ಪೊರೆ ಹಾಳೆಹಾಳೆಯಾಗಿ ಸುಲಿದು ಅಡಿಯಲ್ಲಿ ನೆಯ್ದ ಬಟ್ಟೆ ಕಂಡರೆ ಅದು ಕೃತಕ. ಹೀಗೆ ಸುಲಿದ ಕೃತಕ ಹೊದಿಕೆಗೆ ಮುಂದೆ ಹೇಳುವ ಚಿಕಿತ್ಸೆ ನಿಲ್ಲುವುದಿಲ್ಲ. ಚರ್ಮವೆಂದು ನಿಶ್ಚಯವಾದ ಮೇಲೆ ಒಂದು ಹನಿ ನೀರನ್ನು ಸವೆದ ಜಾಗದಲ್ಲಿಟ್ಟು ನೋಡಬೇಕು. ಹನಿ ಹಾಗೆಯೇ ನಿಂತರೆ ಕವಚ ಉಳಿದಿದೆ, ಶುದ್ಧಿಯೊಂದೇ ಸಾಕಾದೀತು. ಹನಿ ಇಂಗಿ ಕಲೆ ಕಪ್ಪಾದರೆ ಕವಚ ಹೋಗಿದೆ, ಬಣ್ಣದವರೆಗೂ ಸಾಗಬೇಕು.

ಇನ್ನು ಎಚ್ಚರಿಕೆ. ಇಂದಿನ ಕಾರುಗಳಲ್ಲಿ ಚಕ್ರದ ನಡುವಿನ ಹಾರನ್ನಿನ ಫಲಕದ ಹಿಂದೆ ಏರ್‌ಬ್ಯಾಗ್ ಇರುತ್ತದೆ. ಅಪಘಾತದ ಕ್ಷಣದಲ್ಲಿ ಸ್ಫೋಟಕ ದ್ರವ್ಯದ ಬಲದಿಂದ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿಕೊಳ್ಳುವ ಈ ಉಪಕರಣವನ್ನು ಮನೆಯಲ್ಲಿ ಬಿಚ್ಚುವುದು ಪ್ರಾಣಾಪಾಯಕರ. ನಾವು ಮಾಡಬೇಕಾದ ಕೆಲಸಕ್ಕೆ ಚಕ್ರವನ್ನು ಕಳಚುವ ಅವಶ್ಯಕತೆಯೇ ಇಲ್ಲ. ಅನಿವಾರ್ಯವಾಗಿ ಕಳಚಬೇಕಾದರೆ ಅದು ತರಬೇತಿ ಹೊಂದಿದ ಮೆಕ್ಯಾನಿಕ್ಕಿನ ಕಾರ್ಯ. ನೆರಳಿನಲ್ಲಿ, ಗಾಳಿಯಾಡುವೆಡೆ ಕಾರನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ತೆಗೆದಿಟ್ಟು, ನಡುವಿನ ಫಲಕ, ಗುಂಡಿಗಳು, ಹಿಂಬದಿಯ ಸರಳುಗಳು ಇವನ್ನೆಲ್ಲ ಮಾಸ್ಕಿಂಗ್ ಟೇಪಿನಿಂದಲೂ ಹಾಳೆಯಿಂದಲೂ ಮುಚ್ಚಿ, ಸೀಟಿನ ಮೇಲೆ ಹಳೆಯ ಬಟ್ಟೆ ಹಾಸಿಕೊಂಡರೆ ಪೂರ್ವಸಿದ್ಧತೆ ಮುಗಿಯಿತು. ಯಾವ ದ್ರವವನ್ನೂ ಚಕ್ರದ ಮೇಲೆ ನೇರವಾಗಿ ಸುರಿಯಬಾರದು, ಸಿಂಪಡಿಸಬಾರದು. ಬಟ್ಟೆಗೋ ಬ್ರಷ್ಷಿಗೋ ಹಾಕಿಕೊಂಡು ಹಚ್ಚಬೇಕು.

ಕಳೆಯುವ ಕೆಲಸ

ಶುದ್ಧಿಯೇ ಈ ಕಾರ್ಯದ ಅರ್ಧಭಾಗವೆಂದರೆ ಅತಿಶಯೋಕ್ತಿಯಲ್ಲ. ಹಳೆಯ ಸುಣ್ಣದ ಹಕ್ಕಳೆಯನ್ನು ಕೆರೆಯದೆ ಮೇಲೆ ಹೊಸ ಸುಣ್ಣ ಬಳಿದ ಗೋಡೆ ಮೊದಲ ಮಳೆಗಾಲಕ್ಕೇ ಸಿಪ್ಪೆಯೇಳುವಂತೆ, ಜಿಡ್ಡಿನ ಮೇಲೆ ಕುಳಿತ ಬಣ್ಣವೂ ಕೆಲವೇ ವಾರಗಳಲ್ಲಿ ಅಂಗೈಗೆ ಬರುತ್ತದೆ.

ಹದಗೊಂಡ ಚರ್ಮದ ಸ್ವಭಾವ ಸ್ವಲ್ಪ ಆಮ್ಲೀಯವಾದುದು. ಬಟ್ಟೆ ಒಗೆಯುವ ಸಾಬೂನು, ಸೋಡಾ, ಪಾತ್ರೆ ತೊಳೆಯುವ ಪುಡಿ ಮೊದಲಾದ ಕ್ಷಾರಗಳು ಅದರ ಬಂಧಗಳನ್ನು ಸಡಿಲಿಸುತ್ತವೆ, ಒಣಗಿದ ಮೇಲೆ ಚರ್ಮ ಬಿರುಸಾಗಿ ಬಿರುಕು ಬಿಡುತ್ತದೆ. ಬ್ಲೀಚಿನ ನೀರು, ಅಮೋನಿಯಾ ಬೆರೆತ ಗಾಜಿನ ದ್ರವ, ಹಲ್ಲುಪೇಸ್ಟು, ನಿಂಬೆರಸ ಇವೂ ವರ್ಜ್ಯ. ಕಾರಿನ ಚರ್ಮಕ್ಕೆಂದೇ ಮಾರುವ, ನೀರಿನ ಆಧಾರದ ಸೌಮ್ಯವಾದ ಕ್ಲೀನರನ್ನು ಮೃದುವಾದ ಕುಂಚದ ಮೇಲೆ ಹಾಕಿಕೊಂಡು ನೊರೆಯೆಬ್ಬಿಸಿ, ಗೇಣುದ್ದದಷ್ಟು ಭಾಗವನ್ನು ಮಾತ್ರ ಒಮ್ಮೆಗೆ ಹಿಡಿದು, ಸಣ್ಣ ವೃತ್ತಗಳಲ್ಲಿ ಹಗುರವಾಗಿ ತಿಕ್ಕಬೇಕು. ಕಂದುಬಣ್ಣದ ನೊರೆ ಎದ್ದೊಡನೆ, ಅದು ಅಲ್ಲಿಯೇ ಒಣಗಲು ಬಿಡದೆ, ನೀರು ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೊಲಿಗೆಯ ಸಾಲುಗಳಲ್ಲಿ ಕೊಳೆ ಹೆಚ್ಚಾಗಿ ಅಡಗಿರುವುದರಿಂದ ಅಲ್ಲಿ ದಾರದ ಉದ್ದಕ್ಕೂ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಆಡಿಸಬಹುದು. ಬಟ್ಟೆಗೆ ಕೊಳೆ ಅಂಟುವುದು ನಿಲ್ಲುವವರೆಗೆ ಇದನ್ನೇ ಪುನರಾವರ್ತಿಸಬೇಕು. ಕೊಳೆಯ ಬದಲು ಚರ್ಮದ ಬಣ್ಣವೇ ಬಟ್ಟೆಗೆ ಬರತೊಡಗಿದರೆ ಒಡನೆ ನಿಲ್ಲಿಸಬೇಕು.

ಇಷ್ಟಾದ ಮೇಲೆ ಚಕ್ರವನ್ನು ಒಂದು ರಾತ್ರಿ ಒಣಗಲು ಬಿಡುವುದು ಲೇಸು. ಅನೇಕ ಸಂದರ್ಭಗಳಲ್ಲಿ ಮರುದಿನ ಬೆಳಿಗ್ಗೆ ನೋಡಿದಾಗ ಮಿರುಗು ಮಾಯವಾಗಿ, ಮಂದವಾದ ಮೂಲಕಾಂತಿ ಮರಳಿ, ಬೇರೇನೂ ಮಾಡಬೇಕಾದ ಅಗತ್ಯವೇ ಇಲ್ಲವೆಂದು ಮನವರಿಕೆಯಾಗುತ್ತದೆ. ಅಂತಹ ಚಕ್ರದ ಯಜಮಾನನು ಅಲ್ಲಿಗೆ ಸಂತೋಷದಿಂದ ಕೆಲಸ ಮುಗಿಸಬೇಕು.

ಬಣ್ಣ ಹೋಗಿರುವ ಚಕ್ರಕ್ಕೆ ಇನ್ನೆರಡು ಬಗೆಯ ಕಳೆಯುವ ಕೆಲಸ ಉಳಿದಿರುತ್ತದೆ. ಹಿಂದೆ ಹಚ್ಚಿದ ಸಿಲಿಕೋನಿನ ಅಂಶ, ಆಳಕ್ಕಿಳಿದ ಜಿಡ್ಡು ಇವನ್ನು ತೆಗೆಯಲು ಐಸೊಪ್ರೊಪೈಲ್ ಮದ್ಯಸಾರದಿಂದ ತುಸುವೇ ತೇವಗೊಳಿಸಿದ ಬಟ್ಟೆಯಲ್ಲಿ ದುರಸ್ತಿಯಾಗಬೇಕಾದ ಭಾಗವನ್ನಷ್ಟೇ ಒಂದೆರಡು ಬಾರಿ ಒರೆಸಬೇಕು. ಕವಚವನ್ನು ಕರಗಿಸುವ ವಸ್ತುವೆಂದು ಮೇಲೆ ದೂಷಿಸಿದ್ದನ್ನೇ ಇಲ್ಲಿ ವಿಧಿಸುತ್ತಿರುವುದು ವಿರೋಧವಲ್ಲ. ಕೆಟ್ಟುಹೋದ ಕವಚದ ಅಂಚನ್ನು ಮೆದುಗೊಳಿಸಿ ಹೊಸ ಬಣ್ಣಕ್ಕೆ ಹಿಡಿತ ಒದಗಿಸುವ ಕಾರ್ಯಕ್ಕೆ ಆ ಗುಣವೇ ಬೇಕು. ತರುವಾಯ ಎದ್ದ ನಾರುಗಳನ್ನೂ ಸಿಪ್ಪೆಯ ಅಂಚುಗಳನ್ನೂ 600ರಿಂದ 1000 ಅಂಕದವರೆಗಿನ ನವಿರಾದ ಮರಳುಕಾಗದದಿಂದ, ಬೆರಳ ತುದಿಯ ಭಾರವಷ್ಟೇ ಬೀಳುವಂತೆ, ಉಜ್ಜಬೇಕು. ದಾರಕ್ಕೆ ಕಾಗದ ಸೋಕಬಾರದು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದಾಗ ಒಳ್ಳೆಯ ಭಾಗಕ್ಕೂ ಕೆಟ್ಟ ಭಾಗಕ್ಕೂ ಮಧ್ಯದ ಮೆಟ್ಟಿಲು ತಿಳಿಯದಂತಾದರೆ ಉಜ್ಜಿದ್ದು ಸಾಕು.

ಕೂಡಿಸುವ ಕೆಲಸ

ಸಣ್ಣ ಬಿರುಕುಗಳೂ ಗೀರುಗಳೂ ಇದ್ದಲ್ಲಿ ಅವನ್ನು ತುಂಬಲು ಚರ್ಮಕ್ಕೆಂದೇ ತಯಾರಾದ ಬಳುಕುವ ಫಿಲ್ಲರ್ ದೊರೆಯುತ್ತದೆ. ಗೋಡೆಯ ಪುಟ್ಟಿ, ಕಾರಿನ ತಗಡಿಗೆ ಹಾಕುವ ಪುಟ್ಟಿ, ಮರದ ಅಂಟು ಇವು ಒಣಗಿ ಗಟ್ಟಿಯಾಗುವವು. ಹಿಡಿದಾಗಲೆಲ್ಲ ತಗ್ಗಿ ಏಳುವ ಚರ್ಮದ ಮೇಲೆ ಅವು ಒಡೆದು ಉದುರದೆ ಇರಲಾರವು. ಫಿಲ್ಲರನ್ನು ತೆಳುವಾದ ಪ್ಲಾಸ್ಟಿಕ್ ತುಂಡಿನಿಂದ ಬಿರುಕಿನೊಳಕ್ಕೆ ಒತ್ತಿ, ಹೆಚ್ಚಿನದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ತೆಳು ಪದರ ಕೊಡಬೇಕು. ಒಮ್ಮೆಗೇ ದಪ್ಪವಾಗಿ ತುಂಬಿದರೆ ಮೇಲೆ ಮಾತ್ರ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕೊನೆಗೆ ಮರಳುಕಾಗದದಿಂದ ಸಮಮಾಡಿ, ಪುಡಿಯನ್ನು ಸಂಪೂರ್ಣವಾಗಿ ಒರೆಸಬೇಕು.

ಬಣ್ಣವೂ ಚರ್ಮಕ್ಕೆಂದೇ ಮಾಡಿದ, ನೀರಿನ ಆಧಾರದ ವರ್ಣಲೇಪವಾಗಿರಬೇಕು. ಬೂಟಿನ ಪಾಲಿಶ್ ಮೇಣವಾದುದರಿಂದ ಅದು ಗಟ್ಟಿಯಾಗಿ ಕೂರದೆ, ಅಂಗೈಗೂ ಅಂಗಿಯ ತೋಳಿಗೂ ಅಂಟುವುದಲ್ಲದೆ ಹಿಡಿತವನ್ನು ಜಾರಿಸುತ್ತದೆ. ಕಪ್ಪು ಎಂದರೆ ಒಂದೇ ಕಪ್ಪಲ್ಲ. ನೀಲಿಯ ಛಾಯೆಯದು, ಬೂದಿಯ ಛಾಯೆಯದು, ಕಂದಿನ ಛಾಯೆಯದು ಎಂದು ಭೇದಗಳುಂಟು. ಆದಕಾರಣ ಚಕ್ರದ ಕೆಳಭಾಗದ ಮರೆಯಲ್ಲಿ ಒಂದು ಚುಕ್ಕೆ ಹಚ್ಚಿ, ಒಣಗಿದ ಮೇಲೆ ಹಗಲಬೆಳಕಿನಲ್ಲಿ ಹೋಲಿಸಿ ನೋಡಿದ ಹೊರತು ಮುಂದುವರಿಯಬಾರದು. ದಾರ ಬೇರೆ ಬಣ್ಣದ್ದಾಗಿದ್ದರೆ ಅದರ ಬದಿಯಲ್ಲಿ ಸಣ್ಣ ಕುಂಚದಿಂದಲೇ ಕೆಲಸ ಮಾಡಬೇಕು. ಉಳಿದೆಡೆ ನವಿರಾದ ಸ್ಪಂಜಿನ ತುಂಡಿಗೆ ಕೆಲವೇ ಹನಿ ಬಣ್ಣ ಹಾಕಿ, ಮೊದಲ ಲೇಪವನ್ನು ಚರ್ಮಕ್ಕೆ ಇಳಿಯುವಂತೆ ತಿಕ್ಕಿ, ಮುಂದಿನವನ್ನು ಒತ್ತಿ ಒತ್ತಿ ಎತ್ತುತ್ತ ಕೊಡಬೇಕು. ಮೊದಲ ಲೇಪ ಕಲೆಕಲೆಯಾಗಿ ಕಾಣುವುದು ಸಹಜ. ಅದನ್ನು ಕಂಡು ಅಧೀರರಾಗಿ ಎರಡನೆಯದನ್ನು ದಪ್ಪವಾಗಿ ಬಳಿಯುವವರೇ ಕೆಲಸವನ್ನು ಕೆಡಿಸುವವರು. ಮೂರು ನಾಲ್ಕು ತೆಳು ಲೇಪಗಳಲ್ಲಿ ಬಣ್ಣ ಏಕರೂಪಕ್ಕೆ ಬರುತ್ತದೆ. ಪ್ರತಿ ಲೇಪದ ನಡುವೆ ಒಣಗಲು ಸಮಯ ಕೊಡಬೇಕು. ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿಯನ್ನು ದೂರದಿಂದ ಹಾಯಿಸಬಹುದು, ಆದರೆ ಅದು ಕೈಗೆ ಸುಡುವಷ್ಟಿರಕೂಡದು, ಏಕೆಂದರೆ ಅತಿಯಾದ ಶಾಖಕ್ಕೆ ಕೊಲಾಜೆನ್ನಿನ ನಾರು ಸುಕ್ಕುಗಟ್ಟುತ್ತದೆ.

ಇದರ ಮೇಲೆ ಕೊಡುವ ಪಾರದರ್ಶಕ ಲೇಪವೇ ಮುಂದಿನ ವರ್ಷಗಳಲ್ಲಿ ಅಂಗೈಯ ಪೆಟ್ಟನ್ನು ತಾಳತಕ್ಕದ್ದು. ಅದರಲ್ಲಿ ಹೊಳಪಿನದು, ಮಂದಕಾಂತಿಯದು ಎಂದು ಎರಡು ಬಗೆ. ಚಕ್ರಕ್ಕೆ ಮಂದಕಾಂತಿಯದೇ ಉಚಿತ, ಏಕೆಂದರೆ ಅದು ಮೂಲದ ರೂಪಕ್ಕೆ ಹೊಂದುತ್ತದೆ, ಬಿಸಿಲಿನಲ್ಲಿ ಕಣ್ಣನ್ನು ಕೋರೈಸುವುದಿಲ್ಲ. ಲೇಪವನ್ನು ಗಟ್ಟಿಗೊಳಿಸುವ ಪೂರಕದ್ರವ ಜೊತೆಗೆ ಬಂದಿದ್ದರೆ ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಿ, ಕೈಗವಸು ತೊಟ್ಟು, ಬಾಗಿಲುಗಳನ್ನು ತೆರೆದಿಟ್ಟುಕೊಂಡು, ಎರಡು ಮೂರು ತೆಳು ಪದರಗಳಲ್ಲಿ ಹಚ್ಚಬೇಕು. ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗೆ ಅದು ಗಟ್ಟಿಯಾಗುತ್ತಲೇ ಇರುತ್ತದೆ. ಆದ್ದರಿಂದ ಕನಿಷ್ಠ ಒಂದು ದಿನ ಕಾರನ್ನು ಓಡಿಸದೆ, ಒಂದು ವಾರ ಚಕ್ರಕ್ಕೆ ಯಾವ ಕ್ಲೀನರನ್ನೂ ಸೋಕಿಸದೆ ಇರುವುದು ಒಳ್ಳೆಯದು.

ಮಿತಿಯೂ ಪಾಲನೆಯೂ

ಎಲ್ಲ ಚಕ್ರಗಳೂ ಈ ಚಿಕಿತ್ಸೆಗೆ ಒದಗುವವೆಂದು ಹೇಳಲಾಗದು. ಚರ್ಮವೇ ಹರಿದು ಅಡಿಯ ಸ್ಪಂಜು ಕಂಡಿದ್ದರೆ, ಹೊಲಿಗೆ ಉದ್ದಕ್ಕೂ ಬಿಟ್ಟುಹೋಗಿದ್ದರೆ, ಹೊಸ ಚರ್ಮ ಹೊದಿಸುವುದೇ ಮಾರ್ಗ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮೋಟಾರು ಸಾಮಗ್ರಿಗಳ ಪೇಟೆಗಳಲ್ಲಿ ಇದನ್ನು ವೃತ್ತಿಯಾಗಿಸಿಕೊಂಡ ಕುಶಲಕರ್ಮಿಗಳಿದ್ದಾರೆ. ಚಕ್ರದ ಅಳತೆಗೆ ತುಸು ಚಿಕ್ಕದಾಗಿಯೇ ಚರ್ಮವನ್ನು ಕತ್ತರಿಸಿ, ಎಳೆದು ಕೂರಿಸಿ, ಮೇಣ ಸವರಿದ ದಾರದಿಂದ ಒಳಸುತ್ತಿನ ಉದ್ದಕ್ಕೂ ಒಂದೊಂದೇ ಹೊಲಿಗೆಯನ್ನು ಸಮನಾದ ಬಿಗಿಯಲ್ಲಿ ಹಾಕುವ ಆ ಕೈಗಾರಿಕೆ ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ಅದಕ್ಕೆ ಸಲ್ಲಬೇಕಾದ ಮಜೂರಿಯನ್ನು ಗೌರವದಿಂದ ಕೊಡುವುದು ಧರ್ಮ. ಆದರೆ ಹರಿದ ಚರ್ಮದ ಮೇಲೆ ಸಡಿಲವಾದ ಕವರು ತೊಡಿಸಿ ಓಡಿಸುವುದು ಸರ್ವಥಾ ಸಲ್ಲದು. ತಿರುವಿನಲ್ಲಿ ಕವರು ಜಾರಿ ಚಕ್ರ ನಿಂತಲ್ಲೇ ನಿಂತರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವಲ್ಲ. ಮೇಲಾಗಿ ಅದರಡಿಯಲ್ಲಿ ಬೆವರು ನಿಂತು ಉಳಿದ ಚರ್ಮವೂ ಕೆಡುತ್ತದೆ.

ಜೀರ್ಣೋದ್ಧಾರಗೊಂಡ ಚಕ್ರವೂ ಶಾಶ್ವತವಲ್ಲ. ದಿನದಿನದ ಘರ್ಷಣೆಗೆ ಸಿಲುಕುವ ಕವಚ ಎಂದಾದರೂ ಮತ್ತೆ ಸವೆಯಲೇಬೇಕು. ಅದರ ಆಯುಸ್ಸನ್ನು ಹೆಚ್ಚಿಸುವ ಉಪಾಯಗಳು ಸರಳವಾದವು: ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ನೀರು ಹಿಂಡಿದ ಬಟ್ಟೆಯಿಂದ ಒರೆಸುವುದು, ಸ್ಯಾನಿಟೈಸರು ಕೈಯಲ್ಲಿ ಆರುವವರೆಗೆ ಕಾಯುವುದು, ಬಿಸಿಲಿನಲ್ಲಿ ನಿಲ್ಲಿಸುವಾಗ ಮುಂಗಾಜಿಗೆ ಮರೆಯನ್ನೋ ಚಕ್ರಕ್ಕೊಂದು ಬಿಳಿಬಟ್ಟೆಯನ್ನೋ ಹಾಕುವುದು. ಚರ್ಮಕ್ಕೆ ಎಣ್ಣೆ ಕುಡಿಸಬೇಕೆಂಬ ನಂಬಿಕೆ ಎತ್ತಿನ ಮಿಣಿ, ಕುದುರೆಯ ಜೀನುಗಳ ಕಾಲದ್ದು; ಆ ಚರ್ಮಕ್ಕೆ ಮೇಲ್ಕವಚವಿರಲಿಲ್ಲ, ಎಣ್ಣೆ ಒಳಗಿಳಿಯುತ್ತಿತ್ತು. ಕವಚವಿರುವ ಇಂದಿನ ಚರ್ಮದ ಮೇಲೆ ಎಣ್ಣೆ ಮೇಲೆಯೇ ನಿಂತು ಧೂಳನ್ನು ಕರೆಯುತ್ತದೆ, ಕೈಯನ್ನು ಜಾರಿಸುತ್ತದೆ.

ಈ ಕೊನೆಯ ಮಾತೇ ಇಡೀ ಕೆಲಸದ ಅಳತೆಗೋಲು. ಚಕ್ರ ಅಲಂಕಾರದ ವಸ್ತುವಾಗುವುದಕ್ಕೆ ಮೊದಲು ಒಂದು ಸಾಧನ. ಕಾರಿನೊಳಗಿರುವವರ ಪ್ರಾಣವೂ ದಾರಿಯಲ್ಲಿ ನಡೆಯುವವರ ಪ್ರಾಣವೂ ಅದರ ಹಿಡಿತವನ್ನು ಅವಲಂಬಿಸಿವೆ. ದುರಸ್ತಿ ಚೆನ್ನಾಗಿ ಆಯಿತೇ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸದೆ ಕೈಯಿಂದ ತೀರ್ಮಾನಿಸಬೇಕು: ಒಣ ಅಂಗೈಯಲ್ಲಿ ಹಿಡಿದಾಗ ಅದು ಜಾರಬಾರದು, ಅಂಟಬಾರದು, ಬಿಳಿಬಟ್ಟೆಯಿಂದ ತಿಕ್ಕಿದರೆ ಬಣ್ಣ ಬಿಡಬಾರದು. ಈ ಮೂರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಚಕ್ರ, ಒಂದೆರಡು ಹಳೆಯ ಗೀರುಗಳು ಇನ್ನೂ ಕಾಣುತ್ತಿದ್ದರೂ, ಚೆನ್ನಾಗಿ ದುರಸ್ತಿಯಾದ ಚಕ್ರವೇ ಸರಿ.